ಮುದ್ದೆಯೊಳಗಿನ ಮದ್ದು

ನನ್ನ ಬಾಯಲ್ಲಿ ಮೇಲಿನ ಸಾಲಿನ ಮುಂಭಾಗದ ಹಲ್ಲುಗಳಿಲ್ಲ. ಕಾಯಿಲೆಯಿಂದ ಹೋದವೇ ಎಂದು ಹೊಸಬರು ಕೇಳುತ್ತಾರೆ. ಕಾಯಿಲೆಗೆ ನನ್ನ ಹಲ್ಲಿನ ಮೇಲೆ ಯಾವ ಹಗೆಯೂ ಇರಲಿಲ್ಲ. ಅವನ್ನು ಮುರಿದವನು ನಮ್ಮಣ್ಣ ಕಾಳಾಚಾರಿ. ನನಗೆ ಫಿಟ್ಸ್ ಬಂದು ಬಿದ್ದಾಗ, ತಮ್ಮ ನಾಲಿಗೆ ಕಚ್ಚಿಕೊಂಡು ಸತ್ತೇಹೋದ ಎಂದು ಹೆದರಿ, ಕೈಗೆ ಸಿಕ್ಕ ಇಕ್ಕಳದ ಹಿಡಿಯನ್ನು ಹಲ್ಲಿನ ಸಂದಿಗೆ ತುರುಕಿ ಮೀಟಿಬಿಟ್ಟ. ಕಮ್ಮಾರನ ಕೈ ಅದು. ಕಬ್ಬಿಣವೇ ಬಗ್ಗುವ ಕಡೆ ಹಲ್ಲು ಯಾವ ಲೆಕ್ಕ? ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಫಿಟ್ಸ್ ಬಂದವನ ಬಾಯಿಗೆ ಏನನ್ನೂ ತುರುಕಬೇಡಿ. ಮಗ್ಗುಲಾಗಿ ಮಲಗಿಸಿ, ತಲೆಯಡಿಗೆ ಒಂದು ಟವಲು ಇಟ್ಟು, ಪಕ್ಕದಲ್ಲಿ ಸುಮ್ಮನೆ ಕೂತಿರಿ. ಸುಮ್ಮನೆ ಕೂರುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಮ್ಮ ಜನ ಮಾಡುತ್ತಾರೆ.

ನನ್ನ ಹೆಸರು ಸಣ್ಣಪ್ಪ. ಅರಕಲಗೂಡಿನಲ್ಲಿ ಸಂತೆಗೆ ಹೋಗುವ ದಾರಿಯ ಪಕ್ಕ ನಮ್ಮ ಕುಲುಮೆ ಇತ್ತು. ಅಪ್ಪ ಹೋದ ಮೇಲೆ ಅಣ್ಣ ಮತ್ತು ನಾನು ನಡೆಸುತ್ತಿದ್ದೆವು. ನೇಗಿಲ ಗುಳ, ಕುಡುಗೋಲು, ಗಾಡಿ ಚಕ್ರದ ಪಟ್ಟಿ, ಇವೇ ನಮ್ಮ ಕಸುಬು. ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲ. ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಿಡ್ಲ್ ಸ್ಕೂಲಿನ ತನಕ ಓದಿದವನು, ಊರಿಗೇ ಗಟ್ಟಿ ತೋಳಿನವನು ಎಂದು ನನಗೆ ನನ್ನ ಮೇಲೆ ಬಹಳ ಅಭಿಮಾನವಿತ್ತು.

ಆ ದಿನ ಅಣ್ಣ ಕಾದ ಗುಳವನ್ನು ಇಕ್ಕಳದಲ್ಲಿ ಹಿಡಿದು ಅಡೆಗಲ್ಲಿನ ಮೇಲಿಟ್ಟಿದ್ದ. ನಾನು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಿದ್ದೆ. ಎಡಗೈ ಹೆಬ್ಬೆರಳು ತಾನಾಗಿಯೇ ಅದುರಿತು. ಇದೇನಪ್ಪಾ ಎಂದು ಅದನ್ನೇ ನೋಡಿದೆ. ನನಗೆ ನೆನಪಿರುವುದು ಅಷ್ಟೇ. ಉಳಿದದ್ದು ಕಂಡವರು ಹೇಳಿದ್ದು. ಕುತ್ತಿಗೆ ಕುಯ್ದ ಹಾಗೆ ಒಂದು ಸಲ ಅರಚಿದೆನಂತೆ. ಸುತ್ತಿಗೆ ಹಿಂದಕ್ಕೆ ಹಾರಿ ಗೋಡೆಯ ಮಣ್ಣು ಉದುರಿಸಿತಂತೆ. ನಾನು ಎಡಮಗ್ಗುಲಾಗಿ ಕೆಂಡದ ಮೇಲೇ ಬಿದ್ದು ಅಲ್ಲೇ ಒದ್ದಾಡಿದೆನಂತೆ. ಅಣ್ಣ ಕಾಲು ಹಿಡಿದು ಎಳೆಯುವಷ್ಟರಲ್ಲಿ ಮೊಣಕೈಯಿಂದ ಕೆಳಗೆ ಚರ್ಮ ಸುಲಿದು ಬಂದಿತ್ತು.

ಗುಳ ತಟ್ಟಿಸಲು ಬಂದು ಕೂತಿದ್ದ ರೈತರು, "ಕಬ್ಣ ಕೊಡ್ರೋ ಕೈಗೆ! ಕಬ್ಣ ಕೊಡ್ರೋ!" ಎಂದು ಕೂಗಾಡಿದರಂತೆ. ಮೂರ್ಛೆ ಬಂದವನ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ನಮ್ಮ ಕಡೆ ನಿನ್ನೆ ಹುಟ್ಟಿದ ಕೂಸೂ ಬಲ್ಲದು. ಅಲ್ಲಾ ಸ್ವಾಮಿ, ಬೆಳಗಿನಿಂದ ನಾನು ಹಿಡಿದುಕೊಂಡಿದ್ದಾದರೂ ಏನು? ಕಬ್ಬಿಣ ಹಿಡಿದುಕೊಂಡೇ ಬಿದ್ದವನ ಕೈಗೆ ಇನ್ನಷ್ಟು ಕಬ್ಬಿಣ! ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಎಚ್ಚರವಾದಾಗ ಬಾಯ ತುಂಬ ರಕ್ತ, ಹಲ್ಲಿನ ಚೂರು. ಪಂಚೆ ಒದ್ದೆಯಾಗಿತ್ತು. ಎದುರಿಗೆ ಅರ್ಧ ಊರು ನಿಂತಿತ್ತು. ಕೈ ಉರಿ ಗೊತ್ತಾಗುವುದಕ್ಕೆ ಮೊದಲೇ ಆ ಒದ್ದೆ ಪಂಚೆಯ ನಾಚಿಕೆ ಹತ್ತಿಕೊಂಡಿತು. ಎದ್ದು ಒಬ್ಬನ ಕೆನ್ನೆಗೆ ಬಾರಿಸಿದೆನಂತೆ, ಅದೂ ನೆನಪಿಲ್ಲ.

ಮತ್ತೆ ಬಂತು. ಮತ್ತೂ ಬಂತು. ಒಂದು ಸಲ ಬಚ್ಚಲಲ್ಲಿ, ಒಂದು ಸಲ ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಮೇಲೆ. ಅವ್ವ ಮನೆದೇವರು ಕಾಳಮ್ಮನಿಗೆ ಹರಕೆ ಕಟ್ಟಿಕೊಂಡಳು. ಬರೆ ಹಾಕಿದರೆ ಹೋಗುತ್ತದೆ ಎಂದು ಯಾರೋ ಹೇಳಿದರು. ಬೇರೆಯವರಾಗಿದ್ದರೆ ಬರೆ ಹಾಕುವವನನ್ನು ಹುಡುಕಿಕೊಂಡು ಹೋಗಬೇಕಿತ್ತು. ಕುಲುಮೆ ಮನೆಯಲ್ಲಿ ಬೆಂಕಿಗೆ ಬರವೇ, ಕಬ್ಬಿಣಕ್ಕೆ ಬರವೇ? ಅಣ್ಣನೇ ಕುಡುಗೋಲಿನ ತುದಿಯನ್ನು ಕೆಂಪಗೆ ಕಾಯಿಸಿದ. ನೆಂಟರು ನನ್ನನ್ನು ಅಂಗಾತ ಕೆಡವಿ, ಕೈಕಾಲು ಒತ್ತಿ ಹಿಡಿದರು. "ತಡ್ಕಳ್ಲಾ ಮಗ, ಒಂದ್ ಗಳಿಗೆ" ಎಂದು ಅವ್ವ ನನ್ನ ತಲೆಯನ್ನು ತೊಡೆಗೆ ಅವುಚಿಕೊಂಡಳು. ಹಣೆಯ ಮೇಲೆ ಒಂದು ಬರೆ, ಹಿಮ್ಮಡಿಗಳ ಮೇಲೆ ಒಂದೊಂದು. ನನ್ನ ಮಾಂಸ ಸುಟ್ಟ ವಾಸನೆ ನನ್ನ ಮೂಗಿಗೇ ಬಂತು. ಅಣ್ಣನ ವಂಶವನ್ನೆಲ್ಲ ಹೆಸರು ಹಿಡಿದು ಬೈದೆ. ಅವನ ವಂಶ ಅಂದರೆ ನನ್ನದೂ ಹೌದು ಎನ್ನುವುದು ಆಗ ಹೊಳೆಯಲಿಲ್ಲ. ಅವನು ಅಳುತ್ತಲೇ ಇದ್ದ, ಆದರೆ ಕೈ ಮಾತ್ರ ನಡುಗಲಿಲ್ಲ.

ಬರೆ ಇನ್ನೂ ಕೀವು ಸೋರುತ್ತಿದ್ದಾಗಲೇ ಫಿಟ್ಸ್ ಬಂತು. ಅಣ್ಣ ಎರಡನೇ ಸುತ್ತಿಗೆ ಕುಡುಗೋಲು ಕಾಯಿಸಲು ಹೊರಟ. ಆಗ ನನ್ನ ಹೆಂಡತಿ ಜಯಮ್ಮ ಕುಲುಮೆಯ ಬಾಗಿಲಿಗೆ ಅಡ್ಡ ನಿಂತಳು. ಅವಳು ಹೊಳೆನರಸೀಪುರದ ಹುಡುಗಿ. ಅದುವರೆಗೆ ಬಾವನ ಎದುರು ತಲೆ ಎತ್ತಿದವಳಲ್ಲ.

"ಬಾವ, ಇನ್ನೊಂದ್ ಸಲ ಇವ್ರ ಮೈಗೆ ಕಾದ್ ಕಬ್ಣ ತಾಕ್ಸುದ್ರೆ, ಅದೇ ಕಬ್ಣ ಕಿತ್ಕಂಡು ನಿಮ್ಗೆ ಇಕ್ಬುಡ್ತೀನಿ."

ಅಣ್ಣ ಕುಡುಗೋಲನ್ನು ಅಲ್ಲೇ ಕೆಳಗೆ ಹಾಕಿದ. ಅವಳು ಒಳಗೆ ಹೋಗಿ ಏನೂ ಆಗದವಳಂತೆ ರಾಗಿ ಬೀಸುತ್ತ ಕೂತಳು.

ತವರಿಗೆ ಹೋಗಿ ಬರುತ್ತೇವೆಂದು ಅವ್ವನಿಗೆ ಹೇಳಿ, ಅವಳು ನನ್ನನ್ನು ಹಾಸನದ ಬಸ್ಸು ಹತ್ತಿಸಿದಳು. ಯಾರೋ ಹೇಳಿದ ಒಬ್ಬ ಡಾಕ್ಟರ ಶಾಪಿನ ಜಗಲಿಯಲ್ಲಿ ಮಧ್ಯಾಹ್ನ ಮೀರುವ ತನಕ ಕೂತೆವು. ಕಾಯುವ ಭಯ ಏನೆಂದು ಕಾಯಿಲೆಯವನಿಗೇ ಗೊತ್ತು. ಈ ಜನರ ಮುಂದೆ ಈಗ ಬಂದುಬಿಟ್ಟರೆ ಏನು ಗತಿ ಎಂದು ನಾನು ಎಡಗೈ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದನ್ನು ಬಲಗೈಯಲ್ಲಿ ಮುರಿಯುವ ಹಾಗೆ ಹಿಡಿದುಕೊಂಡಿದ್ದೆ. ಪಕ್ಕದಲ್ಲಿ ದೊಡ್ಡಗದ್ದವಳ್ಳಿ ಕಡೆಯ ಒಬ್ಬ ಮುದುಕಿ, ಬೆಳೆದ ಮಗನನ್ನು ಕರೆದುಕೊಂಡು ಕೂತಿದ್ದಳು. ನನ್ನ ಹಣೆ ನೋಡಿ, "ನಿಮ್ಮಲ್ಲೂ ಸುಟ್ರಾ?" ಎಂದಳು. ಮಗನ ಅಂಗಿ ಎತ್ತಿ ಬೆನ್ನು ತೋರಿಸಿದಳು. ಅಯ್ಯೋ ಪಾಪ ಅನ್ನಲಿಲ್ಲ, ಕರ್ಮ ಅನ್ನಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಉಸಿರು ಸರಾಗವಾಗಿ ಆಡಿತು.

ಡಾಕ್ಟರು ಸಣ್ಣ ಬಿಳಿ ಗುಳಿಗೆ ಕೊಟ್ಟರು. ಫಿನೋಬಾರ್ಬಿಟೋನ್ ಎಂದು ಅದರ ಹೆಸರು. ನನ್ನ ನಾಲಿಗೆ ಅದಕ್ಕೆ ಹೊರಳಲು ವರ್ಷಗಟ್ಟಲೆ ಬೇಕಾಯಿತು.

"ನೋಡಯ್ಯ, ಇದು ವಾಸಿ ಮಾಡೋ ಔಷಧಿ ಅಲ್ಲ, ತಡೆಯೋ ಔಷಧಿ. ಹೋರಿಗೆ ಮೂಗುದಾರ ಹಾಕ್ತೀರಲ್ಲ, ಹಾಗೆ. ಹೋರಿ ಎಲ್ಲೂ ಹೋಗಿರಲ್ಲ, ಅಲ್ಲೇ ಇರುತ್ತೆ. ತಿವಿಯಲ್ಲ, ಅಷ್ಟೆ. ಫಿಟ್ಸ್ ಬರಲಿಲ್ಲ ಅಂತ ನೀನಾಗೇ ಗುಳಿಗೆ ನಿಲ್ಲಿಸಿದೆಯೋ, ಮೊದಲಿಗಿಂತ ಜೋರಾಗಿ ನುಗ್ಗುತ್ತೆ. ಹಬ್ಬ, ಉಪವಾಸ, ಏನೇ ಇರಲಿ, ಒಂದು ಹೊತ್ತೂ ಬಿಡಬಾರದು. ಬೆಂಕಿ ಹತ್ತಿರ ಹೋಗಬಾರದು."

"ನಮ್ದು ಕುಲ್ಮೆ ಕೆಲ್ಸ ಸಾ" ಎಂದೆ.

ಅವರು ನನ್ನ ಸುಟ್ಟ ಕೈಯನ್ನೂ ಹಣೆಯನ್ನೂ ನೋಡಿ ಚೀಟಿ ಬರೆದುಕೊಟ್ಟರು.

ಮನೆಗೆ ಬಂದು ನಿಜ ಹೇಳಿದೆವು. ಅವ್ವ ಗುಳಿಗೆಯನ್ನು ಮೂಸಿ ನೋಡಿ ಬಚ್ಚಲಿಗೆ ಸುರಿದಳು. ಹರಕೆ ತೀರುವ ತನಕ ಬೇರೆ ಮದ್ದು ಮುಟ್ಟಿದರೆ ದೇವಿ ಮುನಿಯುತ್ತಾಳೆ, ಇಂಗ್ಲಿಷ್ ಮದ್ದು ರಕ್ತ ಸುಡುತ್ತದೆ, ಮಕ್ಕಳಾಗುವುದಿಲ್ಲ ಎಂದೆಲ್ಲ ಕೂಗಾಡಿದಳು. ಜಯಮ್ಮ ಮರುವಾರ ಮತ್ತೆ ಗುಳಿಗೆ ತಂದು ಹಿಟ್ಟಿನ ಮಡಕೆಯ ಹಿಂದೆ ಅಡಗಿಸಿಟ್ಟಳು. ಆದರೆ ಇನ್ನೊಂದು ತೊಡಕಿತ್ತು. ಈ ಗಟ್ಟಿ ತೋಳಿನವನಿಗೆ ಗುಳಿಗೆ ನುಂಗಲು ಬರುತ್ತಿರಲಿಲ್ಲ. ಕಹಿ ನಾಲಿಗೆಗೆ ತಾಕಿದೊಡನೆ ವಾಂತಿ. ಅದಕ್ಕೆ ದಾರಿ ತೋರಿಸಿದ್ದು ಜಗಲಿಯ ಆ ಮುದುಕಿಯ ಮಾತು. "ಮುದ್ದೆ ಒಳೀಕೆ ಇಟ್ಬುಡವ್ವ. ಮುದ್ದೆಯ ಯಾರಾದ್ರೂ ಅಗೀತಾರಾ?"

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಗಿಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗಬೇಕು. ಅಗಿದವನನ್ನು ಕಂಡರೆ ಮಕ್ಕಳೂ ನಗುತ್ತವೆ. ಜಯಮ್ಮ ಬಿಸಿ ಮುದ್ದೆಗೆ ಹೆಬ್ಬೆರಳಿಂದ ಕುಣಿ ಮಾಡಿ, ಗುಳಿಗೆ ಇಟ್ಟು, ಮುಚ್ಚಿ, ತಟ್ಟೆಯಲ್ಲಿ ಆ ಮಗ್ಗುಲು ನನ್ನ ಕಡೆಗೆ ಬರುವಂತೆ ಇಡುತ್ತಿದ್ದಳು. ಮೊದಲ ತುತ್ತಲ್ಲೇ ಅದು ಹೊಟ್ಟೆ ಸೇರುತ್ತಿತ್ತು. ಮನೆಯವರ ಎದುರೇ ನಾನು ಔಷಧಿ ತಿನ್ನುತ್ತಿದ್ದೆ, ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಫಿಟ್ಸ್ ನಿಂತಿತು. ದೇವಿ ಕಣ್ಣುಬಿಟ್ಟಳು ಎಂದು ಅವ್ವ ಹಿಗ್ಗಿದಳು. ಆದರೆ ಗುಳಿಗೆ ಸುಮ್ಮನೆ ಬಿಡಲಿಲ್ಲ. ಹಗಲೆಲ್ಲ ತೂಕಡಿಕೆ. ತಲೆಯೊಳಗೆ ಹತ್ತಿ ತುರುಕಿದ ಹಾಗೆ. ಮಾತಿಗೆ ಮಾತು ಕೊಡುವುದಕ್ಕೇ ತಡವಾಗುತ್ತಿತ್ತು. ಜಗಳಗಂಟನಾಗಿದ್ದವನು ಮಂಕಾಗಿ ಕೂರುತ್ತಿದ್ದೆ. ಅಣ್ಣ ಸಂಜೆ ಹೆಂಡಕ್ಕೆ ಕರೆದರೆ, ಡಾಕ್ಟರು ಬೇಡವೆಂದಿದ್ದರಿಂದ, ಒಲ್ಲೆ ಅನ್ನುತ್ತಿದ್ದೆ. ಸುತ್ತಿಗೆ ಬಿಟ್ಟು ಕುಡುಗೋಲಿಗೆ ಮರದ ಕಾವು ಕೂರಿಸುವ ಕೆಲಸ ಹಿಡಿದೆ. ಜಯಮ್ಮ, "ಸಾಕು ಬನ್ನಿ, ಬಿಸ್ಲಲ್ಲಿ ಕೂರ್ಬ್ಯಾಡಿ" ಎಂದರೆ ಎದ್ದು ಬರುತ್ತಿದ್ದೆ. ಇದನ್ನೆಲ್ಲ ಅವ್ವ ನೋಡುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಮದ್ದು ಅಂದರೆ ಔಷಧಿ. ಮದ್ದು ಹಾಕುವುದು ಅಂದರೆ ಮಾತ್ರ ಬೇರೆ. ಗಂಡನನ್ನು ಬುಟ್ಟಿಗೆ ಹಾಕಿಕೊಳ್ಳಲು ಹೆಂಡತಿ ಅನ್ನದಲ್ಲಿ ಏನನ್ನೋ ಬೆರೆಸಿ ತಿನ್ನಿಸುವುದು. ತಿಂದವನು ಮಂಕಾಗುತ್ತಾನೆ, ಅಣ್ಣತಮ್ಮಂದಿರನ್ನು ದೂರ ಮಾಡುತ್ತಾನೆ, ಹೆಂಡತಿ ಹಾಕಿದ ಗೆರೆ ದಾಟುವುದಿಲ್ಲ, ಕೊನೆಗೆ ಸವೆದು ಸಾಯುತ್ತಾನೆ. ಹೊಟ್ಟೆಯಿಂದ ಆ ಮದ್ದನ್ನು ಕಕ್ಕಿಸಿ ತೆಗೆಯುವವರೂ ಇದ್ದರು. ನನ್ನ ಮಂಕು, ನನ್ನ ವಿಧೇಯತೆ, ಒಂದೊಂದೂ ಆ ಲಕ್ಷಣಗಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ಒಂದು ಮಧ್ಯಾಹ್ನ ಅವ್ವ ಸೌದೆ ಹಿಡಿದು ಅಡುಗೆಮನೆಗೆ ಬಂದಳು. ಜಯಮ್ಮನ ಹೆಬ್ಬೆರಳು ಮುದ್ದೆಯೊಳಗಿತ್ತು.

"ಏನಮ್ಮೀ ಅದು?"

"ಏನಿಲ್ಲ ಅತ್ತೆ, ಉಪ್ಪು."

ಬೇರೆ ಏನಾದರೂ ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ. ಅವ್ವ ಮುದ್ದೆ ಬಗೆದು, ಬಿಳಿ ಚೂರನ್ನು ನಾಲಿಗೆಗೆ ಮುಟ್ಟಿಸಿ, ಥೂ ಎಂದು ಉಗಿದಳು. "ಯಾವೂರ್ ಉಪ್ಪೇ ಕಯ್ಯೋದು? ಅಯ್ಯಯ್ಯೋ, ಬನ್ರಪ್ಪಾ! ನನ್ನ ಮಗುಂಗೆ ಮದ್ದು ಆಕ್ತಾವ್ಳೆ! ಮನೆಹಾಳಿ ಮದ್ದು ಆಕ್ತಾವ್ಳೆ!"

ನಾನು ಜಗಲಿಯಿಂದ ಎದ್ದು ಒಳಗೆ ಓಡುವಷ್ಟರಲ್ಲಿ ಅವ್ವ ಜಯಮ್ಮನ ಜಡೆ ಹಿಡಿದು, ತಲೆಯನ್ನು ಒಲೆಗಲ್ಲಿಗೆ ಗುದ್ದುತ್ತಿದ್ದಳು. ಅಣ್ಣ ಬಂದವನೇ ಅವಳ ಸೊಂಟಕ್ಕೆ ಒದ್ದ. "ಬುಡ್ರೋ, ಅದು ಡಾಕ್ಟ್ರು ಕೊಟ್ಟಿರೋದು! ನಂಗೊತ್ತು, ನಾನೇ ತಿಂತಿರೋದು!" ಎಂದು ನಾನು ಅವ್ವನ ಕೈ ಬಿಡಿಸಿದೆ. ಬಿಡಿಸುವಾಗ ಅವ್ವ ಹಿಂದಕ್ಕೆ ಬಿದ್ದಳು. ಬಿದ್ದಲ್ಲಿಂದಲೇ ಎದೆ ಬಡಿದುಕೊಂಡಳು.

"ನೋಡ್ರಪ್ಪಾ, ಎತ್ತವ್ವನ್ನೇ ತಳ್ಬುಟ್ಟ! ಅವ್ಳ ಪರ್ವಾಗೇ ಮಾತಾಡ್ತಾವ್ನೆ! ಇನ್ನೇನ್ ಸಾಕ್ಸಿ ಬೇಕು?"

ನಾನು ಏನು ಹೇಳಿದರೂ ಅದು ಜಯಮ್ಮನಿಗೇ ಮುಳುವಾಗುತ್ತಿತ್ತು. ಔಷಧಿ ಎಂದರೆ, ಮದ್ದು ಹಾಗೆ ಹೇಳಿಸುತ್ತಿದೆ ಎಂದರು. ಅವಳನ್ನು ಬಿಡಿ ಎಂದರೆ, ನೋಡಿ ಎಷ್ಟು ಹಿಡಿದಿದೆ ಎಂದರು. ಅಡಕತ್ತರಿಗೆ ಸಿಕ್ಕ ಅಡಕೆಯಾಗಿತ್ತು ನನ್ನ ಬಾಳು. ಕೋಪ ನೆತ್ತಿಗೇರಿ ಇಕ್ಕಳ ಎತ್ತಿ ಅಣ್ಣನ ಮೇಲೆ ಬೀಸಿದೆ. ಅವನ ಕಿವಿ ಹರಿಯಿತು. ಅವನು ನನ್ನನ್ನು ಕೆಡವಿ ಎದೆಯ ಮೇಲೆ ಕೂತು, ಮುಖ ಮೋರೆ ನೋಡದೆ ಗುದ್ದಿದ. ಮಡಕೆಯ ಹಿಂದಿನ ಗುಳಿಗೆಗಳನ್ನು ಅವ್ವ ಹುಡುಕಿ ತಂದು ಕುಲುಮೆಯ ಕೆಂಡಕ್ಕೆ ಸುರಿದಳು. ಜಯಮ್ಮನನ್ನು ಉಟ್ಟ ಸೀರೆಯಲ್ಲೇ ಬೀದಿಗೆ ದಬ್ಬಿದರು. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಅವಳು ಅಳುತ್ತಿರಲಿಲ್ಲ. "ಗುಳ್ಗೆ ನಿಲ್ಲುಸ್ಬ್ಯಾಡಿ, ನಿಮ್ ದಮ್ಮಯ್ಯ ಗುಳ್ಗೆ ನಿಲ್ಲುಸ್ಬ್ಯಾಡಿ" ಎಂದು ಅದನ್ನೇ ಹೇಳುತ್ತಿದ್ದಳು.

ಮಾರನೆಯ ದಿನ ನನ್ನನ್ನು ಬಸ್ಸಿಗೆ ಹತ್ತಿಸಿದರು. ಚನ್ನರಾಯಪಟ್ಟಣದ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನಿದ್ದ. ಕಿಟಕಿಯ ಪಕ್ಕ ನಾನು, ಈ ಕಡೆ ಅಣ್ಣ, ಮುಂದಿನ ಸೀಟಿನಲ್ಲಿ ಅವ್ವ. ನನ್ನ ಕೈಗಳನ್ನು ಟವಲಿನಿಂದ ಕಟ್ಟಿ ಮೇಲೆ ಕಂಬಳಿ ಹೊದಿಸಿದ್ದರು. ಬಸ್ಸು ಹೊಳೆನರಸೀಪುರದಲ್ಲಿ ನಿಂತಾಗ, ಜಯಮ್ಮ ತವರಲ್ಲಿರುತ್ತಾಳೆ ಎಂದುಕೊಂಡು ಕಿಟಕಿಗೆ ಮುಖವಿಟ್ಟು ಅವಳ ಹೆಸರು ಹಿಡಿದು ಕೂಗಿದೆ. ಅಣ್ಣ ಹಿಂದಲೆ ಹಿಡಿದು ಕಂಬಿಗೆ ಬಡಿದ. "ಮದ್ದು ತಿಂದಾವ್ನೆ, ಅಂಗೇ ಕಣ್ರಪ್ಪಾ" ಎಂದು ಅವ್ವ ಅಳುತ್ತ ಹೇಳಿದಾಗ ಬಸ್ಸಿನವರೆಲ್ಲ ಲೊಚಗುಟ್ಟಿದರು. ಒಬ್ಬ ಹೆಂಗಸು ಅವ್ವನಿಗೆ ಎಲೆ ಅಡಿಕೆ ಕೊಟ್ಟು ಸಮಾಧಾನ ಮಾಡಿದಳು. ನನಗಾಗುತ್ತಿದ್ದ ಸಿಟ್ಟಿಗೆ ಆ ಬಸ್ಸನ್ನೇ ಹೊಳೆಗೆ ತಳ್ಳುತ್ತಿದ್ದೆ. ಜಯಮ್ಮ ಮಾತ್ರ ಆ ಊರಲ್ಲಿ ಇರಲೇ ಇಲ್ಲ. ಅವಳು ಆಗ ಹಾಸನದಲ್ಲಿ, ಡಾಕ್ಟರ ಜಗಲಿಯ ಮೇಲಿದ್ದಳು.

ಮದ್ದು ತೆಗೆಯುವವನು ಎತ್ತರದ ಆಳು, ಮಾತು ಬೆಣ್ಣೆ. ನಾಡಿ ನೋಡಿ, "ಮೂರ್ ತಿಂಗ್ಳಿನ ಮದ್ದು ಕಣವ್ವ, ಕರ್ಳಿಗೆ ಗಂಟಾಕ್ಕಂಡದೆ" ಎಂದ. ಅವನು ನನಗೆ ಕುಡಿಸಿದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ. ಹರಳೆಣ್ಣೆ ಇತ್ತು, ಉಪ್ಪು ಇತ್ತು, ಯಾವುದೋ ಸೊಪ್ಪಿನ ರಸವಿತ್ತು. ಮೂಗು ಹಿಡಿದು, ದವಡೆ ಅಗಲಿಸಿ ಹುಯ್ದರು. ನನಗೆ ವಾಂತಿಯಾಯಿತು. ಹೊಟ್ಟೆಯಲ್ಲಿ ಏನೂ ಉಳಿಯದಾದ ಮೇಲೂ ಆಯಿತು. ಹಸಿರು ಪಿತ್ತ ಬಂತು, ಆಮೇಲೆ ರಕ್ತ ಬಂತು. ಆ ರಾಡಿಗೆ ಕೈ ಹಾಕಿ, ಅವನು ಕೂದಲು ಸುತ್ತಿದ ಕರಿ ಉಂಡೆಯೊಂದನ್ನು ಎತ್ತಿ ಹಿಡಿದ. "ನೋಡವ್ವ ನಿನ್ ಸೊಸೆ ಅಡುಗೆ." ಅವ್ವ ಅವನ ಕಾಲಿಗೆ ಬಿದ್ದಳು. ಉಂಡೆ ಅವನ ಮಡಿಲಿನಿಂದ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡು ಏನು ಬಂತು? ಹೇಳಲು ನಾಲಿಗೆಯಲ್ಲಿ ತ್ರಾಣವಿರಲಿಲ್ಲ.

ಆಗ ಎಡಗೈ ಹೆಬ್ಬೆರಳು ಅದುರಿತು.

ಇಲ್ಲಿಂದ ಮುಂದಿನದು ಅಣ್ಣ ಹೇಳಿದ್ದು. ಅವನು ಇದನ್ನು ಹೇಳಿದ್ದು ಎಷ್ಟೋ ಕಾಲದ ಮೇಲೆ, ನನ್ನ ಮುಖ ನೋಡದೆ. ಒಂದು ಫಿಟ್ಸ್ ಮುಗಿಯಿತು ಎನ್ನುವಷ್ಟರಲ್ಲಿ ಅದರ ಬಾಲ ಹಿಡಿದು ಇನ್ನೊಂದು. ನಡುವೆ ಎಚ್ಚರವೇ ಆಗುತ್ತಿರಲಿಲ್ಲ. ಅಂಗಳದ ಕಲ್ಲಿಗೆ ತಲೆ ಬಡಿದು ಬಡಿದು ಹಿಂದಲೆ ಒಡೆಯಿತು. ಡಾಕ್ಟರು ಹೇಳಿದ ಹೋರಿ ಮೂಗುದಾರ ಕಿತ್ತುಕೊಂಡು ನುಗ್ಗಿತ್ತು. "ಮದ್ದು ಇಳ್ಯೋವಾಗ ಇಂಗೇ, ಎದರ್ಬ್ಯಾಡಿ" ಎಂದು ಆ ಮನುಷ್ಯ ಹುಣಸೆ ಬರಲಿನಿಂದ ನನ್ನ ಕಾಲಿಗೂ ಬೆನ್ನಿಗೂ ಬಾರಿಸುತ್ತಿದ್ದನಂತೆ. ಬರಲು ಮುರಿದಾಗ ಇನ್ನೊಂದು ತರಲು ಹೇಳಿದನಂತೆ. ತಂದುಕೊಟ್ಟವನು ಅಣ್ಣನೇ.

ಜಯಮ್ಮ ಬಂದದ್ದು ಆಗ. ನನ್ನ ಗುಳಿಗೆ ನಿಲ್ಲಿಸಿದ್ದಾರೆ ಎಂದು ಕೇಳಿದ ಡಾಕ್ಟರು ಬೈದಾಡಿ, "ಗುಳಿಗೆ ತಗೊಂಡು ಹೋಗಿ ಏನಮ್ಮ ಮಾಡ್ತೀಯ? ಆಳನ್ನೇ ಎತ್ತಿಕೊಂಡು ಬಾ" ಎಂದಿದ್ದರು. ನನ್ನನ್ನು ಎಲ್ಲಿಗೆ ಒಯ್ದಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಅವನ ಹೆಸರು ಅವ್ವನ ಬಾಯಲ್ಲಿ ಎಷ್ಟೋ ಸಲ ಬಂದಿತ್ತು. ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು, ಕೇಳಿಕೊಂಡು, ನಡೆದೇ ಬಂದಳು. ಅಂಗಳಕ್ಕೆ ಬಂದವಳು ಯಾರನ್ನೂ ಏನೂ ಕೇಳದೆ ಅವ್ವ, ಅಣ್ಣ ಇಬ್ಬರನ್ನೂ ದಾಟಿ ನನ್ನ ತಲೆಯನ್ನು ಮಡಿಲಿಗೆ ಹಾಕಿಕೊಂಡಳು.

"ಮುಟ್ಬ್ಯಾಡ ಕಣಮ್ಮಿ, ಮದ್ದು ಇಳೀತಾ ಅದೆ. ಈಗ ಎತ್ಕಂಡೋದ್ರೆ ದಾರೀಲೇ ಎಣ" ಎಂದ ಅವನು.

"ಇಲ್ಲಿದ್ರೂ ಎಣವೇ. ದಾರೀಲೇ ಆಗ್ಲಿ."

ಅಣ್ಣ ಅವಳ ರಟ್ಟೆ ಹಿಡಿದು ಎಳೆದ. ಅವಳು ಆ ಮನುಷ್ಯನ ಕೈಯ ಬರಲು ಕಿತ್ತುಕೊಂಡು ಅಣ್ಣನ ಮುಖಕ್ಕೆ ಬಾರಿಸಿದಳು. ಹೊಲಿಗೆ ಹಾಕಿಸಿದ್ದ ಕಿವಿಯೇ ಮತ್ತೆ ಬಿಚ್ಚಿಕೊಂಡಿತು. ಬಾವ ಎನ್ನುವ ಮುಲಾಜು ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ಬರಲು ಎಸೆದು ಅವ್ವನ ಎದುರು ನಿಂತಳು. ಅದು ಮದ್ದಲ್ಲ, ಔಷಧಿ ಎಂದು ಹಿಂದಿನ ದಿನ ನಾನು ವಾದಿಸಿ ಸೋತಿದ್ದೆ. ಅವಳು ಆ ವಾದಕ್ಕೇ ಹೋಗಲಿಲ್ಲ.

"ಊ ಕಣತ್ತೆ, ನಾನು ಮದ್ದು ಆಕಿದ್ದು ನಿಜ. ಆಕ್ತಾ ಇರೋಗಂಟ ಮನುಸ್ರಂಗಿದ್ರು. ನೀವು ನಿಲ್ಸುದ್ರಿ, ಇಂಗಾದ್ರು. ಇವತ್ತೂ ಆಕ್ಬೇಕು, ನಾಳೀಕೂ ಆಕ್ಬೇಕು, ಸಾಯೋಗಂಟ ಆಕ್ಬೇಕು. ಏನಂತೀರ, ಯೋಳಿ."

ಅವ್ವ ನನ್ನ ಮುಖ ನೋಡಿದಳಂತೆ. ತುಟಿ ನೀಲಿಯಾಗಿತ್ತು. ಬಾಯಿಂದ ಕೆಂಪು ನೊರೆ ಬರುತ್ತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅವ್ವನಿಗೆ ಆಗಲೂ ಅದು ವಶ ಮಾಡುವ ಮದ್ದೇ. ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಜಯಮ್ಮನ ಎರಡೂ ಕೈ ಹಿಡಿದುಕೊಂಡಳು.

"ಆಕವ್ವ. ಇನ್ನೂ ಎಚ್ಚಾಗೇ ಆಕು. ನಿನ್ ಗುಲಾಮ ಆದ್ರೆ ಆಗ್ಲಿ. ನನ್ ಕಡೀಕೆ ತಿರ್ಗಿ ನೋಡ್ದೆ ಓದ್ರೂ ಓಗ್ಲಿ. ಉಸ್ರಾಡ್ಕಂಡಿರ್ಲಿ, ಅಷ್ಟೇ ಸಾಕು."

ಅಣ್ಣ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಟಾರು ರಸ್ತೆಗೆ ಓಡಿದ. ತೆಂಗಿನಕಾಯಿ ತುಂಬಿದ ಲಾರಿಯೊಂದು ಹಾಸನದ ಕಡೆ ಹೊರಟಿತ್ತು. ಅಣ್ಣ ಅದರ ಮುಂದೆ ಅಡ್ಡ ಮಲಗಿಬಿಟ್ಟ. ಡ್ರೈವರು ಅವನಿಗೆ ಬಾಯಿಗೆ ಬಂದ ಹಾಗೆ ಬೈದು, ನನ್ನನ್ನು ನೋಡಿದವನೇ ಹಿಂದಿನ ಹಲಗೆ ಇಳಿಸಿದ. ಕಾಯಿ ಮೂಟೆಗಳ ಮೇಲೆ ಮೂವರೂ ನನ್ನನ್ನು ಒತ್ತಿ ಹಿಡಿದು ಕೂತರು. ದಾರಿಯುದ್ದಕ್ಕೂ ಅವ್ವ ಕಾಳಮ್ಮನಿಗೆ ಬೈಯುತ್ತಿದ್ದಳಂತೆ.

ಹಾಸನದಲ್ಲಿ ಘಾಟು ವಾಸನೆಯ ಇಂಜೆಕ್ಷನ್ನು, ಮೂಗಿಗೆ ನಳಿಕೆ, ಮಂಚಕ್ಕೆ ಕಟ್ಟಿದ ಕೈಕಾಲು. ನನಗೆ ತಿಳಿವು ಬಂದಾಗ ನಾನು ಡಾಕ್ಟರ ಕೈ ಕಚ್ಚುತ್ತಿದ್ದೆ. ಹಲ್ಲಿಲ್ಲದಿದ್ದರಿಂದ ಅವರಿಗೆ ಅಂಥ ಗಾಯವೇನೂ ಆಗಲಿಲ್ಲ. ಅವರು ಅಣ್ಣನನ್ನು ನಿಲ್ಲಿಸಿಕೊಂಡು ಉಗಿದ ಉಗಿತಕ್ಕೆ ಬೇರೆ ಯಾರಾದರೂ ಊರು ಬಿಡುತ್ತಿದ್ದರು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ನನ್ನ ಕಾಲ ಬಳಿ ಬಂದು, ಹಿಮ್ಮಡಿಯ ಬರೆಯ ಮೇಲೆ ಕೈಯಿಟ್ಟು, ಗೊಳೋ ಎಂದು ಅತ್ತ. "ಅತ್ತಾಗ್ ಓಗ್ಲಾ" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಆಗ ನನ್ನ ಬಾಯಿಂದ ಬರುತ್ತಿರಲಿಲ್ಲ. ಅವನು ಹೋಗಲೂ ಇಲ್ಲ.

ಅವ್ವ ಮಾತ್ರ ಡಾಕ್ಟರ ಬೆನ್ನು ಬಿಡಲಿಲ್ಲ. "ಬುದ್ದಿ, ಇದ್ನ ತಿಂದ್ರೆ ಎಂಡ್ರು ಮಾತೇ ಕೇಳ್ತಾನಂತಲ್ಲ, ದಿಟ್ವಾ?"

"ಮಾತು ಕೇಳೋ ಹಾಗೆ ಮಾಡೋ ಗುಳಿಗೆ ಇದ್ದಿದ್ರೆ, ಅಜ್ಜಿ, ನಮ್ಮನೇಲಿ ನನಗೇ ಮೊದಲು ಹಾಕಿರೋರು" ಎಂದರು ಅವರು. ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವ್ವ ನಗಲಿಲ್ಲ. ನಂಬಲೂ ಇಲ್ಲ.

ತೂಕಡಿಕೆ ಹೆಚ್ಚೆಂದು ಮುಂದೆ ಮೊದಲ ಗುಳಿಗೆಯನ್ನು ಮೆಲ್ಲಮೆಲ್ಲಗೆ ಇಳಿಸಿ, ಜೊತೆಗೆ ಫೆನಿಟಾಯಿನ್ ಎಂಬ ಇನ್ನೊಂದನ್ನು ಸೇರಿಸಿದರು. ತಲೆ ತಿಳಿಯಾಯಿತು. ಒಸಡು ಊದಿ ಉಳಿದ ಹಲ್ಲುಗಳ ಮೇಲೆ ಹತ್ತಿಕೊಂಡು ಬಂತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಸ್ವಭಾವ ಈ ಗುಳಿಗೆಗಳದು. ಉಪ್ಪು ನೀರಲ್ಲಿ ಬಾಯಿ ತೊಳೆದುಕೊಂಡು, ಬೈದುಕೊಂಡು ತಿಂದೆ. ಕುಲುಮೆಯ ಒಳಗೆ ಮತ್ತೆ ಕಾಲಿಡಲಿಲ್ಲ. ಹೊರಗೆ ಹೊಂಗೆಯ ನೆರಳಲ್ಲಿ ಗರಗಸದ ಹಲ್ಲಿಗೆ ಅರ ಉಜ್ಜುತ್ತ ಕೂರುತ್ತಿದ್ದೆ. ಒಳಗಿನಿಂದ ಸುತ್ತಿಗೆಯ ಸದ್ದು ಬಂದರೆ ಈಗಲೂ ನನ್ನ ಬಲದ ತೋಳು ಕಡಿಯುತ್ತದೆ. ಕಾಯಿಲೆಯ ಮೇಲೆ ನನಗಿರುವ ಸಿಟ್ಟಿನಲ್ಲಿ ಅದು ದೊಡ್ಡದು. ನಡುವೆ ಅಪರೂಪಕ್ಕೊಮ್ಮೆ ಫಿಟ್ಸ್ ಬಂದದ್ದೂ ಉಂಟು. ಆಗೆಲ್ಲ ಅಣ್ಣ ಓಡಿ ಬಂದು, ಟವಲು ಮಡಿಸಿ ತಲೆಯಡಿಗಿಟ್ಟು, ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ.

ಅರವತ್ತರ ದಶಕ ಶುರುವಾಗಿತ್ತು. ಜಯಮ್ಮ ಚೊಚ್ಚಲ ಬಾಣಂತನಕ್ಕೆ ಹೊಳೆನರಸೀಪುರಕ್ಕೆ ಹೋದಳು. ಹೋಗುವಾಗ ಗುಳಿಗೆ ಎಲ್ಲಿದೆ, ಯಾವುದು ಯಾವ ಹೊತ್ತಿಗೆ ಎಂದು ನನಗೇ ಹೇಳಿದಳು. ಅವ್ವನ ಹತ್ತಿರ ಆ ಮಾತೆತ್ತಲು ಅವಳಿಗೆ ಇನ್ನೂ ಅಂಜಿಕೆ. ನನಗೂ ಅಷ್ಟೇ. ಮುದ್ದೆಯಿಲ್ಲದೆ ಬರೀ ನೀರಲ್ಲಿ ನುಂಗುವುದು ಹೇಗಪ್ಪಾ ಎಂದು ಯೋಚಿಸುತ್ತ ಆ ಮಧ್ಯಾಹ್ನ ಊಟಕ್ಕೆ ಕೂತೆ.

ಅವ್ವ ತಟ್ಟೆ ತಂದಿಟ್ಟಳು. ಮುದ್ದೆಯ ಮೇಲೆ ಹೆಬ್ಬೆರಳಿನ ಕುಣಿ ಮುಚ್ಚಿದ ಗುರುತು ಕಾಣುತ್ತಿತ್ತು. ಅವಳಿಗೆ ಜಯಮ್ಮನ ನಾಜೂಕು ಎಲ್ಲಿಂದ ಬರಬೇಕು? ಗುಳಿಗೆ ಅರ್ಧ ಹೊರಗೇ ಇತ್ತು. ನಾನು ತಲೆ ಎತ್ತಿ ನೋಡಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅವಳ ಮುಖದಲ್ಲಿ ಆಸೆಯಿತ್ತು, ನಾಚಿಕೆಯಿತ್ತು. ಮಗನ ಮುಂದೆ ಅವಳು ನಾಚಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಇವತ್ತು ನಾನೇ ಆಕಿವ್ನಿ ಕಣ್ಲಾ ಮದ್ದ" ಎಂದಳು. "ಇನ್ನಾರಾ ನನ್ ಮಾತ್ ಕೇಳ್ತೀಯೇನ್ಲಾ ಮಗ?"

ಗುಳಿಗೆಯ ಸಮೇತ ಆ ತುತ್ತನ್ನು ಅಗಿಯದೆ ನುಂಗಿದೆ.

"ಊ ಕಣವ್ವ" ಎಂದೆ. "ಯೋಳು, ಏನ್ ಮಾಡ್ಬೇಕು?"